ಗೂಡಿನ ದುಡ್ಡು, ಗ್ಲಾಸು, ಇಸ್ಪೀಟು

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯನ್ನು ಬೆಳಿಗ್ಗೆಯೇ ನೋಡಬೇಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಯಲ್ಲಿ ಸಾಲುಸಾಲು ಜಾಲರಿಗಳಲ್ಲಿ ಗೂಡು ಸುರಿದಿರುತ್ತದೆ. ನೂಲು ತೆಗೆಯುವ ರೀಲರ್‌ಗಳು ಹಿಡಿಯಷ್ಟು ಎತ್ತಿ ನೋಡಿ ಬೆಲೆ ಕಟ್ಟುತ್ತಾರೆ. ಮನೆಮಂದಿಯೆಲ್ಲ ಸೊಪ್ಪು ಹಾಕಿ ಬೆಳೆಸಿದ ಹುಳು ಒಂದೇ ಹೊತ್ತಿನಲ್ಲಿ ದುಡ್ಡಾಗುತ್ತದೆ. ಮೊದಲು ನೋಟಿನ ಕಟ್ಟು ರೈತನ ಕೈಗೇ ಬರುತ್ತಿತ್ತು. ಈಗ ಬ್ಯಾಂಕ್ ಖಾತೆಗೆ ಜಮೆ. ಊರು ಸೇರುವ ಮೊದಲೇ ಬಾರಿನಲ್ಲೋ ಇಸ್ಪೀಟಿನ ಅಡ್ಡೆಯಲ್ಲೋ ಕರಗುತ್ತಿದ್ದ ಹಣಕ್ಕೆ ಇದು ಒಳ್ಳೆಯ ತಡೆ. ಆದರೆ ಆ ಖಾತೆ ಈಗ ಜೇಬಿನ ಫೋನಿನಲ್ಲಿದೆ, ಐಪಿಎಲ್ ಬೆಟ್ಟಿಂಗೂ ಅದೇ ಫೋನಿನಲ್ಲಿದೆ.

ಈ ಜಿಲ್ಲೆಗೂ ಕುಡಿತ, ಜೂಜುಗಳ ಕಾನೂನಿಗೂ ಹತ್ತಿರದ ನಂಟು. 2007ರಲ್ಲಿ ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದರು. ಆ ವರ್ಷವೇ ಲಾಟರಿ ನಿಂತಿತು, ಜುಲೈ 1ರಿಂದ ಸಾರಾಯಿ ನಿಂತಿತು, ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ಹೊಸ ಜಿಲ್ಲೆಯಾಯಿತು. ಲಾಟರಿ, ಸಾರಾಯಿ ನಿಲ್ಲಿಸಿದ್ದು ಎರಡೂ ದೊಡ್ಡ ಹೆಜ್ಜೆಗಳೇ. ಕೂಲಿಯವರ ಮನೆಯ ಹೆಂಗಸರು ಸಾರಾಯಿ ನಿಂತಾಗ ಬಿಟ್ಟ ನಿಟ್ಟುಸಿರನ್ನು ಹಗುರವಾಗಿ ಕಾಣಬಾರದು. ಆದರೂ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂತು, ಲಾಟರಿಯ ಜಾಗಕ್ಕೆ ಆ್ಯಪ್ ಬಂತು.

ನಾನು ಹೇಳಬೇಕಾದ ಮಾತು ಇರುವುದು ಚನ್ನಪಟ್ಟಣದಾಚೆಯ ಹಳ್ಳಿಗಳಲ್ಲಿ, ಯುಗಾದಿಯ ಮಾರನೆಯ ದಿನದ ಹೊಸತೊಡಕಿನಲ್ಲಿ. ಮಾಂಸದೂಟ, ಜೊತೆಗೆ ಕುಡಿತ, ಮರದಡಿಯಲ್ಲಿ ಇಸ್ಪೀಟಿನ ಅಂದರ್ ಬಾಹರ್. ಹಬ್ಬದ ಆಟವೆಂದು ಹಿರಿಯರೂ ಸುಮ್ಮನಿರುತ್ತಾರೆ. ಮೊದಲ ಗ್ಲಾಸಿನ ಹೊತ್ತಿಗೆ ಪಂದ್ಯ ಸಣ್ಣದು. ಮದ್ಯ ಮೊದಲು ಸಡಿಲಿಸುವುದೇ ‘ಇನ್ನು ಸಾಕು’ ಎನ್ನುವ ವಿವೇಕವನ್ನು. ಸೋತವನು ಕಳೆದದ್ದನ್ನು ಅಲ್ಲೇ ಗಿಟ್ಟಿಸಲು ದುಪ್ಪಟ್ಟು ಕಟ್ಟುತ್ತಾನೆ. ಮತ್ತೆ ಸೋತ ಸಂಕಟಕ್ಕೆ ಮತ್ತೆ ಕುಡಿಯುತ್ತಾನೆ. ಹಬ್ಬ ಮುಗಿದರೂ ಈ ಸುತ್ತು ಮುಗಿಯದ ಮನೆಗಳಿವೆ. ಅಮೆರಿಕದಲ್ಲಿ 43,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ಸಮೀಕ್ಷೆಯೊಂದರ ಫಲಿತಾಂಶ 2005ರಲ್ಲಿ ಬಂತು: ಜೂಜಿನ ಚಟ ಹತ್ತಿದವರಲ್ಲಿ ಸುಮಾರು ಶೇ 73 ಮಂದಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಕುಡಿತದ ಕಾಯಿಲೆಯೂ ಇತ್ತು.

ಕನಕಪುರದ ಕಬ್ಬಾಳಮ್ಮನಂಥ ದೇವರ ಮುಂದೆ ಕುಡಿತ ಬಿಡುವ ಆಣೆ ಮಾಡಿಸುವುದು ಈ ಸೀಮೆಗೆ ಹೊಸದಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳೂ ರಾಜ್ಯದಾದ್ಯಂತ ನಡೆದಿವೆ. ಇವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಆಣೆ ಕುಡಿತಕ್ಕೆ ಮಾತ್ರ ಸೀಮಿತವಾದರೆ ಇಸ್ಪೀಟು ಉಳಿಯುತ್ತದೆ, ಆ ಗುಂಪಿನೊಳಗೆ ಮತ್ತೆ ಕುಳಿತವನ ಮುಂದೆ ಬಾಟಲಿಯೂ ಬಂದೇ ಬರುತ್ತದೆ.

ಚಿಕಿತ್ಸೆಯೂ ದೂರವಿಲ್ಲ, ಮಾಗಡಿಯಿಂದ ಬೆಂಗಳೂರು ಬಸ್ಸಿನ ದಾರಿ. ಅಲ್ಲಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊಬೈಲ್‌ನಂಥ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿದೆ. ಇಷ್ಟರ ಜೊತೆಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ, ಶಿಬಿರಗಳಲ್ಲಿ ಕುಡಿತಕ್ಕೆಂದು ಬಂದವರನ್ನು ‘ಆಟವೂ ಆಡ್ತೀಯಾ? ಸಾಲ ಎಷ್ಟಿದೆ?’ ಎಂದು ಕೇಳಲೇಬೇಕು. ನಿಮ್ಮ ಮನೆಯಲ್ಲಿ ಈ ಎರಡೂ ಒಟ್ಟಿಗೆ ಹೊಕ್ಕಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಕರೆ ಮಾಡಿದಾಗ ಎರಡನ್ನೂ ಹೇಳಿ.