ಒತ್ತು ಎಲ್ಲಿ ಬೀಳಬೇಕು?

ಹೊರನಾಡಿನಲ್ಲಿ ನೆಲಸಿದ ನಮಗೆ ಮನೆಬಾಡಿಗೆಯಿಂದ ಹಿಡಿದು ಸಂಬಳದವರೆಗೆ ಎಷ್ಟೋ ಮಾತುಕತೆಗಳನ್ನು ಇಂಗ್ಲಿಷಿನಲ್ಲಿಯೇ ನಡೆಸಬೇಕಾಗುತ್ತದೆ. ವ್ಯಾಕರಣವೇನೋ ನಮ್ಮಲ್ಲಿ ಅನೇಕರಿಗೆ ಚೆನ್ನಾಗಿ ಬರುತ್ತದೆ. ಆದರೂ ನಾವು ಹೇಳಿದ್ದೊಂದು, ಕೇಳಿದವರು ತಿಳಿದದ್ದು ಇನ್ನೊಂದು ಎಂಬಂತಾಗುವುದುಂಟು. ಇದಕ್ಕೆ ಒಂದು ಕಾರಣ ಒತ್ತು.

ಕನ್ನಡದಲ್ಲಿ ನಾವು ಅಕ್ಷರಗಳನ್ನು ಹೆಚ್ಚುಕಡಿಮೆ ಸಮವಾಗಿ ನುಡಿಯುತ್ತೇವೆ. ಯಾವುದನ್ನಾದರೂ ಎತ್ತಿ ಹೇಳಬೇಕಾದರೆ 'ಇಷ್ಟೇ', 'ನಾನೇ' ಎಂದು ಏಕಾರ ಸೇರಿಸಿದರೆ ಸಾಕು. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ದನಿಯೇ ಮಾಡಬೇಕು. 'ಇನ್‌ಕ್ರೀಸ್' ಎಂಬಲ್ಲಿ ಮೊದಲ ಭಾಗವನ್ನು ಒತ್ತಿದರೆ 'ಹೆಚ್ಚಳ' ಎಂಬ ನಾಮಪದ. ಎರಡನೆಯದನ್ನು ಒತ್ತಿದರೆ 'ಹೆಚ್ಚಿಸು' ಎಂಬ ಕ್ರಿಯಾಪದ. ಒಳ್ಳೆಯ ನಿಘಂಟುಗಳಲ್ಲಿ ಒತ್ತಬೇಕಾದ ಭಾಗದ ಮುಂದೆಯೇ ಸಣ್ಣ ಗೀಟು ಹಾಕಿರುತ್ತಾರೆ.

ಅಂಕಿಗಳಲ್ಲಂತೂ ಎಚ್ಚರ ಬೇಕು. 'ಫಿಫ್ಟಿ' ಎಂಬುದಕ್ಕೆ ಒತ್ತು ಮೊದಲಲ್ಲಿ; 'ಫಿಫ್ಟೀನ್' ಒಂಟಿಯಾಗಿ ಬಂದಾಗ ಕೊನೆಯಲ್ಲಿ. ಆದರೆ 'ಫಿಫ್ಟೀನ್ ಥೌಸಂಡ್' ಎನ್ನುವಾಗ ಒತ್ತು ಮುಂದಕ್ಕೆ ಸರಿಯುತ್ತದೆ, ವ್ಯತ್ಯಾಸ ಅಳಿಸಿದಂತಾಗುತ್ತದೆ. 15,000ಕ್ಕೂ 50,000ಕ್ಕೂ ನಡುವೆ 35,000 ರೂಪಾಯಿಗಳ ಅಂತರವಿದೆಯಷ್ಟೆ! ಆದುದರಿಂದ 'ಒನ್ ಫೈವ್' ಎಂದು ಬಿಡಿಸಿ ಹೇಳುವುದೂ ಕಾಗದದ ಮೇಲೆ ಬರೆದು ತೋರಿಸುವುದೂ ಮೇಲು.

ಇನ್ನು ಇಡೀ ವಾಕ್ಯ. ಬಾಡಿಗೆ ಕೇಳಿದಾಗ 'ವಿ ಕಾಂಟ್ ಪೇ ದಿಸ್ ನೌ' ಎನ್ನುತ್ತೇವೆಂದಿಟ್ಟುಕೊಳ್ಳಿ. 'ವಿ' ಎಂಬುದನ್ನು ಒತ್ತಿದರೆ, ನಾವು ಕೊಡಲಾರೆವು, ಬೇರೆಯವರು ಕೊಟ್ಟಾರು ಎಂದಾಗುತ್ತದೆ. ಮನೆಯೊಡೆಯರು ಬೇರೆಯವರನ್ನೇ ಹುಡುಕಿಯಾರು. 'ದಿಸ್' ಒತ್ತಿದರೆ, ಇಷ್ಟು ಆಗದು, ಸ್ವಲ್ಪ ಇಳಿಸಿದರೆ ಆದೀತು. 'ನೌ' ಒತ್ತಿದರೆ, ಈಗ ಆಗದು, ಮುಂದೆ ನೋಡೋಣ. ಶಬ್ದಗಳು ಅವೇ, ಚೌಕಾಸಿಯ ದಾರಿ ಮಾತ್ರ ಮೂರು.

ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಪ್ರಕಟಿಸಿದ 'ಗೆಟ್ಟಿಂಗ್ ಟು ಯೆಸ್' ಎಂಬ ಪುಸ್ತಕದಲ್ಲಿ, ಮಾತುಕತೆಯಲ್ಲಿ ವ್ಯಕ್ತಿಯನ್ನೂ ಸಮಸ್ಯೆಯನ್ನೂ ಬೇರೆಬೇರೆಯಾಗಿ ಕಾಣಬೇಕೆಂಬ ಸಲಹೆಯಿದೆ. ದನಿಗೂ ಇದು ಸಲ್ಲುತ್ತದೆ. 'ಯು' ಎಂಬುದನ್ನು ಒತ್ತಿದರೆ ಎದುರಿನವರಿಗೆ ಆಪಾದನೆಯಂತೆ ಕೇಳಿಸೀತು; 'ರೆಂಟ್' ಎಂಬುದನ್ನು ಒತ್ತಿದರೆ ಮಾತು ವಿಷಯದ ಮೇಲೆಯೇ ನಿಲ್ಲುತ್ತದೆ.

ಇದಕ್ಕೆ ದೊಡ್ಡ ಅಭ್ಯಾಸವೇನೂ ಬೇಡ. ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು, ಒಂದೇ ವಾಕ್ಯವನ್ನು ಒತ್ತು ಬದಲಿಸಿ ಬದಲಿಸಿ ಗಟ್ಟಿಯಾಗಿ ಹೇಳಿ ನೋಡೋಣ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು ತಿದ್ದಿದರೆ ತಿದ್ದಲಿ. ಹೀಗೆ ಕಲಿತರೆ ನಮ್ಮ ನಾಲಗೆಯ ಕನ್ನಡದ ಸೊಗಡು ಎಲ್ಲಿಗೂ ಹೋಗದು. ಹೋಗಬೇಕಾಗಿಯೂ ಇಲ್ಲ, ಒತ್ತು ತಕ್ಕಲ್ಲಿ ಬಿದ್ದರೆ ಸಾಕು.