ಗ್ರಹಗಳು ಹುಟ್ಟುವ ತಟ್ಟೆ

ಪ್ರಶ್ನೆ: ಗ್ರಹಗಳೆಲ್ಲ ಸೂರ್ಯನನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಒಂದೇ ದಿಕ್ಕಿಗೆ ಸುತ್ತುವುದೇಕೆ? – ಓದುಗರೊಬ್ಬರು, ಜಗಳೂರು

ಅವು ಹುಟ್ಟಿದ್ದೇ ತಿರುಗುವ ತಟ್ಟೆಯೊಂದರಲ್ಲಿ. ಸುಮಾರು 460 ಕೋಟಿ ವರ್ಷಗಳ ಹಿಂದೆ ಅನಿಲ ಮತ್ತು ದೂಳಿನ ಮೋಡವೊಂದು ತನ್ನದೇ ಗುರುತ್ವದಿಂದ ಕುಸಿಯಿತು. ಅದಕ್ಕೆ ಮೊದಲೇ ಇದ್ದ ನಿಧಾನದ ತಿರುಗಾಟ, ಮೋಡ ಕುಗ್ಗಿದಂತೆಲ್ಲ ಜೋರಾಯಿತು. ಮೇಲಿನಿಂದ ಬಿದ್ದದ್ದೂ ಕೆಳಗಿನಿಂದ ಏರಿದ್ದೂ ಡಿಕ್ಕಿಯಾಗಿ ಆ ಚಲನೆ ಅಡಗಿತು; ಸುತ್ತುವ ಚಲನೆ ಮಾತ್ರ ಉಳಿಯಿತು. ಒಕ್ಕಣೆಯಲ್ಲಿ ಮೇಟಿಗೆ ಕಟ್ಟಿದ ಎತ್ತುಗಳು ದೂರವೂ ಓಡದೆ, ಮೇಟಿಗೂ ತಾಗದೆ ಒಂದೇ ದಿಕ್ಕಿಗೆ ಸುತ್ತುವ ಹಾಗೆ, ಎಳೆಯ ಸೂರ್ಯನ ಸುತ್ತ ಆ ದೂಳು ಚಪ್ಪಟೆಯಾಗಿ ಹರಡಿ ಸುತ್ತತೊಡಗಿತು.

ಮುಂದೆ ದೂಳಿಗೆ ದೂಳು ಅಂಟಿ ಹರಳಾಯಿತು, ಹರಳುಗಳು ಸೇರಿ ಬಂಡೆಗಳಾದವು, ಬಂಡೆಗಳು ಗ್ರಹಗಳಾದವು. ಇಂಥ ತಟ್ಟೆಯ ಅನಿಲಕ್ಕೆ ಆಯುಷ್ಯ ಕಡಿಮೆ. ಒಂದಷ್ಟು ನಕ್ಷತ್ರದೊಳಕ್ಕೇ ಬೀಳುತ್ತದೆ, ಮಿಕ್ಕದ್ದನ್ನು ನಕ್ಷತ್ರದ ಪ್ರಖರ ಬೆಳಕು ಕಾಯಿಸಿ ಹೊರಗೆ ತಳ್ಳುತ್ತದೆ. ಸುಮಾರು ಒಂದು ಕೋಟಿ ವರ್ಷದೊಳಗೆ ಬಹುಪಾಲು ಖಾಲಿ! ಗುರು, ಶನಿ ಅಷ್ಟರೊಳಗೇ ಅನಿಲವನ್ನು ಬಾಚಿಕೊಂಡು ಬೆಳೆದವು.

ಇಂಥ ತಟ್ಟೆಗಳು ಇಂದಿಗೂ ಇವೆ. 2014ರಲ್ಲಿ ಚಿಲಿ ದೇಶದ ಅಲ್ಮಾ ದೂರದರ್ಶಕ, ಸುಮಾರು 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟಾರಿ ಎಂಬ ಎಳೆಯ ನಕ್ಷತ್ರದ ತಟ್ಟೆಯನ್ನು ಚಿತ್ರಿಸಿತು: ಹೊಳೆಯುವ ಉಂಗುರಗಳು, ನಡುನಡುವೆ ಕಪ್ಪು ಸೀಳುಗಳು. ಖಗೋಳ ವಿಜ್ಞಾನದಲ್ಲಿ ಇದಕ್ಕಿಂತ ಚೆಲುವಾದ ಚಿತ್ರವನ್ನು ನಾನು ಕಂಡಿಲ್ಲ. ಡಿಸೆಂಬರ್ ರಾತ್ರಿ ನಿಮ್ಮೂರ ಬಯಲಿನಲ್ಲಿ ನಿಂತು ಕೆಂಪಗಿನ ರೋಹಿಣಿಯನ್ನು ಹುಡುಕಿ; ಬರಿಗಣ್ಣಿಗೆ ಕಾಣದಿದ್ದರೂ ಎಚ್‌ಎಲ್ ಟಾರಿ ಇರುವುದು ಅದರ ಪಕ್ಕದಲ್ಲೇ. ಪಿಡಿಎಸ್ 70 ಎಂಬ ಇನ್ನೊಂದು ನಕ್ಷತ್ರದ ತಟ್ಟೆಯ ಸೀಳಿನಲ್ಲಂತೂ 2018ರಲ್ಲಿ ಬೆಳೆಯುತ್ತಿರುವ ಗ್ರಹವೇ ಕಾಣಿಸಿತು.