ಕೈಪಟ್ಟಿ ಹಿಡಿದಿಟ್ಟ ಗಾಳಿ

ಕಾಲೇಜು ಹುಡುಗರು ಕೈಗೆ ಹಾಕ್ಕೊಳ್ತಾರಲ್ಲ, ಬಣ್ಣದ ಸಿಲಿಕೋನ್ ಬ್ಯಾಂಡ್? ಗಾಳಿಯಲ್ಲಿರೋ ರಾಸಾಯನಿಕ ಹಿಡಿಯೋಕೆ ಅದೇ ಇಲ್ಲಿ ಸೆನ್ಸರ್. ಬ್ಯಾಟರಿ ಇಲ್ಲ, ವೈರ್ ಇಲ್ಲ, ಸದ್ದೂ ಇಲ್ಲ. ನನಗಂತೂ ಇದರ ಸೊಗಸೇ ಅದು.

ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕಿಮ್ ಆ್ಯಂಡರ್ಸನ್ ತಂಡ 2014ರಲ್ಲಿ ಇದರ ಅಧ್ಯಯನ ಪ್ರಕಟಿಸಿತು. ಬ್ಯಾಂಡ್ ತೊಟ್ಟು ನೋಡಿದವರಲ್ಲಿ ಚಾವಣಿಗೆ ಬಿಸಿ ಡಾಂಬರು ಹಾಕೋ ಕೆಲಸಗಾರರೂ ಇದ್ದರು.

ಗಾಳಿಯಲ್ಲಿರೋ ಹೊಗೆಯ ರಾಸಾಯನಿಕ, ಕೀಟನಾಶಕದ ಆವಿ ಮೆಲ್ಲಗೆ ಸಿಲಿಕೋನ್ ಒಳಗೆ ಇಳಿದು ಕೂರುತ್ತೆ, ಉಪ್ಪಿನಕಾಯಿ ಡಬ್ಬಿಗೆ ವಾಸನೆ ಹಿಡಿದ ಹಾಗೆ. ಆಮೇಲೆ ಲ್ಯಾಬ್‌ನಲ್ಲಿ ದ್ರಾವಕ ಹಾಕಿ ಅದನ್ನ ಹೊರತೆಗೀತಾರೆ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರ ಒಂದೊಂದನ್ನೇ ಬೇರ್ಪಡಿಸುತ್ತೆ.

ಆದರೆ ವಿಷ ಯಾವ ಗಂಟೆಗೆ ತಾಗಿತು ಅಂತ ಕೇಳಿದರೆ ಬ್ಯಾಂಡ್ ಹತ್ತಿರ ಉತ್ತರ ಇಲ್ಲ, ಒಟ್ಟು ಲೆಕ್ಕ ಅಷ್ಟೇ. ಅಲಾರಂ ಕೂಡ ಹೊಡೆಯಲ್ಲ. ಕಾರ್ಬನ್ ಮಾನಾಕ್ಸೈಡ್ ಸೋರಿದರೆ ತಕ್ಷಣ ಕೂಗಿ ಎಚ್ಚರಿಸೋಕೆ ಎಲೆಕ್ಟ್ರೊಕೆಮಿಕಲ್ ಸೆನ್ಸರಿನಂಥದ್ದೇ ಬೇಕು.